ಹಾಲಮ್ಮನನ್ನು ಬಿಟ್ಟು ಜರ್ಮನಿಗೆ

ಹರಿಹರ: ರೈಲು ಬರುವ ಮೊದಲು

ನನಗೆ ಹೆದರಿಕೆಯಾದರೆ ಹಸಿವಾಗುತ್ತದೆ. ಬೇರೆಯವರಿಗೆ ಹೊಟ್ಟೆ ಕಟ್ಟುತ್ತದಂತೆ, ಗಂಟಲಲ್ಲಿ ತುತ್ತು ಇಳಿಯುವುದಿಲ್ಲವಂತೆ. ನಾನು ಮಾತ್ರ ತಿನ್ನುತ್ತಲೇ ಇರುತ್ತೇನೆ. ಜರ್ಮನಿ ಮುಟ್ಟಬೇಕಾಗಿದ್ದ ಅವ್ವನ ರೊಟ್ಟಿ ಗಂಟನ್ನು ಹರಿಹರ ಸ್ಟೇಷನ್ನಿನ ಬೆಂಚಿನ ಮೇಲೆಯೇ ಬಿಚ್ಚಿ ಅರ್ಧ ಖಾಲಿ ಮಾಡಿದ್ದೆ. ಅಪ್ಪ ಗುತ್ತೂರಿನ ಕಡೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ, ಅದೇ ಎಣ್ಣೆ ಕಲೆಯ ಅಂಗಿಯಲ್ಲಿ ನನ್ನನ್ನು ಕಳಿಸಲು ಬಂದಿದ್ದ.

"ಯಾಕ ಪುಷ್ಪಾ, ಹೆದ್ರಿಕೆ ಆಗೈತಾ?"

"ಇಲ್ಲಪ್ಪ."

"ಮತ್ತೆ ಆ ಗಂಟು ಯಾಕ ಅಷ್ಟು ಸಣ್ಣದಾತು?" ಅಪ್ಪ ನಕ್ಕ. "ಹೆದ್ರಿದ್ರೂ ಮುಖದಾಗ ತೋರಿಸಬ್ಯಾಡ. ಮೂರು ವರ್ಷ ಅದನ್ನೇ ಕಲ್ತಿದೀಯಲ್ಲ."

ಅಪ್ಪನಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ನಾನು ಕಲಿತಿದ್ದು ನಟನೆಯೋ ಅಥವಾ ಹಾಲಮ್ಮ ಹೇಳಿದ್ದನ್ನು ಜೋರಾಗಿ ಹೇಳುವುದೋ ಎಂಬುದು ನನಗೇ ಗೊತ್ತಿರಲಿಲ್ಲ.

ದಾವಣಗೆರೆಯಲ್ಲಿ ನಮ್ಮದು ಸಣ್ಣ ಕಾಲೇಜು. ಅದರೊಳಗೆ ನಾಟಕ ವಿಭಾಗ ಇನ್ನೂ ಸಣ್ಣದು. ಹಿಂದೆ ರಸಾಯನಶಾಸ್ತ್ರದ ಪ್ರಯೋಗಾಲಯವಾಗಿದ್ದ ಕೋಣೆಯನ್ನು ನಮಗೆ ಕೊಟ್ಟಿದ್ದಾರೆ. ಗೋಡೆಯುದ್ದಕ್ಕೂ ಸಿಂಕುಗಳು ಹಾಗೇ ಇವೆ. ರಾಜ ಸಿಂಹಾಸನದಿಂದ ಏಳುವಾಗ ನಲ್ಲಿಗೆ ತಲೆ ತಾಗದಂತೆ ಏಳಬೇಕು. ನಮಗೆ ಕಲಿಸುವ ರುದ್ರಪ್ಪ ಮೇಷ್ಟ್ರು ಅರ್ಧ ಆಯುಷ್ಯವನ್ನು ಕಂಪನಿ ನಾಟಕಗಳಲ್ಲಿ ಕಳೆದವರು. ಇವತ್ತೊಂದು ನಾಟಕ, ನಾಳೆ ಇನ್ನೊಂದು ಎಂದು ಆಡುವ ಕಂಪನಿಯಲ್ಲಿ ಯಾರೂ ಮಾತು ಬಾಯಿಪಾಠ ಮಾಡುತ್ತ ಕೂರುವುದಿಲ್ಲ. ಪ್ರಾಂಪ್ಟರ್ ಒಬ್ಬ ಸೈಡ್‌ವಿಂಗಿನ ಮರೆಯಲ್ಲಿ ನಿಂತು ಪ್ರತಿಯೊಂದು ಸಾಲನ್ನೂ ಮೊದಲು ತಾನು ಓದುತ್ತಾನೆ. ನಟ ಅದನ್ನು ಕಿವಿಯಿಂದ ಎತ್ತಿಕೊಂಡು ಬಾಯಿಂದ ಬಿಡುತ್ತಾನೆ. ಮೇಷ್ಟ್ರು ನಮಗೂ ಹಾಗೇ ಕಲಿಸಿದರು.

ನನ್ನ ಪ್ರಾಂಪ್ಟರ್ ಹಾಲಮ್ಮ. ಕುಕ್ಕುವಾಡದ ರೈತರ ಮನೆ ಹುಡುಗಿ, ನನ್ನದೇ ತರಗತಿ. ಮೊದಲ ವರ್ಷ ಪಾತ್ರ ಹಂಚುವಾಗ ಮೇಷ್ಟ್ರು, "ಇವಳ ಓದು ಸ್ವಚ್ಛ ಐತೆ, ಇವಳ ಕೈಗೆ ಪುಸ್ತಕ ಕೊಡ್ರಿ" ಎಂದರು. ಅಂದಿನಿಂದ ಅವಳು ವಿಂಗಿನಲ್ಲಿ, ನಾನು ಬೆಳಕಿನಲ್ಲಿ. ಮೂರು ವರ್ಷ ನನ್ನ ಎಡಗಿವಿಯಲ್ಲಿ ಅವಳ ದನಿ ಇತ್ತು.

ಜರ್ಮನಿಯ ಒಂದು ಸಣ್ಣ ಊರಿನ ನಾಟಕ ಕಾಲೇಜಿನ ಮೇಡಂ ಒಬ್ಬರು ನಮ್ಮ ಪ್ರಯೋಗಾಲಯಕ್ಕೆ ಬಂದು ತಾಲೀಮು ನೋಡಿ, ತಮ್ಮ ವಿದ್ಯಾರ್ಥಿ ನಾಟಕೋತ್ಸವಕ್ಕೆ ಕರೆದಾಗ ನಾವು ಕುಣಿದಾಡಿದೆವು. ಆದರೆ ಕರೆ ಬಂದದ್ದು ನಾಲ್ಕು ಜನಕ್ಕೆ. ಹಾರ್ಮೋನಿಯಂ ನುಡಿಸುವ ಮೇಷ್ಟ್ರು, ತಬಲಾದ ಇರ್ಫಾನ್, ಗೌಡನ ಪಾತ್ರದ ಮಂಜ, ಮತ್ತು ನಾನು.

"ರಂಗದ ಮ್ಯಾಲೆ ಕಾಣೋರು ಹೋಗ್ಲಿ," ಎಂದರು ಮೇಷ್ಟ್ರು. "ಹಾಲಮ್ಮ, ನೀ ಬ್ಯಾಸರ ಮಾಡ್ಕಬ್ಯಾಡ."

"ನಂಗ್ಯಾಕೆ ಬ್ಯಾಸರ ಸಾರ್," ಎಂದು ಅವಳು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, "ನೀ ಹೆಂಗೆ ಮಾಡ್ತೀಯೇ?" ಎಂದಳು. ಅದನ್ನೇ ನಾನು ಆ ಹೊತ್ತಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ.

ಬಾಯಿಪಾಠ ಮಾಡಲು ಪ್ರಯತ್ನಿಸಲಿಲ್ಲವೆಂದಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ, ತಲೆ ಬಾಚುವಾಗ ಹೇಳಿಕೊಂಡೆ. ಮೊದಲ ಸಾಲು ಬರುತ್ತಿತ್ತು. ಆಮೇಲೆ ನನಗೆ ಗೊತ್ತಿಲ್ಲದಂತೆ ತಲೆ ಎಡಕ್ಕೆ ವಾಲಿ, ಕಿವಿ ಕಾಯುತ್ತ ನಿಲ್ಲುತ್ತಿತ್ತು. ಅವ್ವ ನೋಡಿ, "ಕತ್ತು ಉಳುಕೈತೇನೆ?" ಎಂದು ಎಣ್ಣೆ ಹಚ್ಚಿದಳು.

ವಿಮಾನ ನಿಲ್ದಾಣ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೇಷ್ಟ್ರ ಹಾರ್ಮೋನಿಯಂ ಪೆಟ್ಟಿಗೆಯನ್ನು ತಪಾಸಣೆಯವರು ಪಕ್ಕಕ್ಕೆ ಎಳೆದರು. ಯಂತ್ರದೊಳಗೆ ಅದು ಏನೇನೋ ತಂತಿ, ಮೊಳೆ, ಹಿತ್ತಾಳೆಯ ನಾಲಿಗೆಗಳಾಗಿ ಕಂಡಿತಂತೆ. "ಇದೇನು?" ಎಂದು ಕೇಳಿದವರಿಗೆ ಮೇಷ್ಟ್ರು ಬಾಯಲ್ಲಿ ಉತ್ತರ ಕೊಡಲಿಲ್ಲ. ಅಲ್ಲೇ ನೆಲದ ಮೇಲೆ ಚಕ್ಕಳಮಕ್ಕಳ ಕೂತು ಪೆಟ್ಟಿಗೆಯ ತಿದಿ ಒತ್ತಿ ಒಂದು ರಂಗಗೀತೆಯ ಮಟ್ಟು ಹಿಡಿದೇಬಿಟ್ಟರು. ಸಾಲಿನಲ್ಲಿದ್ದ ಯಾರೋ ಚಪ್ಪಾಳೆ ಹೊಡೆದರು. ಮೇಷ್ಟ್ರಿಗೆ ಚಪ್ಪಾಳೆ ಬಿದ್ದರೆ ಮುಗಿಯಿತು, ಎರಡನೇ ಚರಣಕ್ಕೂ ಹೊರಟರು. ಕಾವಲಿನವರೇ ಕೈಮುಗಿದು ಪೆಟ್ಟಿಗೆ ಮುಚ್ಚಿಸಿದರು.

ಎಲ್ಲರೂ ನಗುತ್ತಿದ್ದರು. ನಾನು ಉಳಿದ ರೊಟ್ಟಿ ಮುಗಿಸುತ್ತಿದ್ದೆ.

ಇಂಗ್ರಿಡ್ ಅವರ ಮನೆ

ಗಂಡಸರು ಮೂವರನ್ನೂ ಕಾಲೇಜಿನ ಹಾಸ್ಟೆಲಿಗೆ ಹಾಕಿದರು. ನನ್ನನ್ನು ಇಂಗ್ರಿಡ್ ಎಂಬ ವಯಸ್ಸಾದ ಹೆಂಗಸಿನ ಮನೆಯಲ್ಲಿ ಇಳಿಸಿದರು. ಬೆಳ್ಳಿ ಕೂದಲು, ಎತ್ತರದ ಆಳು, ಮಾತು ಬಹಳ ಕಡಿಮೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಶಾಲೆಯಲ್ಲಿ ಫೇಲಾದಂತಿದ್ದವು, ಹಾಗಾಗಿ ಚೆನ್ನಾಗಿ ಹೊಂದಿಕೊಂಡೆವು.

ಆ ಊರಿನಲ್ಲಿ ನನ್ನನ್ನು ಕಂಗೆಡಿಸಿದ್ದು ಸದ್ದಿಲ್ಲದಿರುವುದು. ಟ್ರಾಮಿನಲ್ಲಿ ಅಷ್ಟು ಜನ ಕೂತಿದ್ದರೂ ಒಬ್ಬರೂ ಪಕ್ಕದವರ ಊರು ಯಾವುದೆಂದು ಕೇಳುವುದಿಲ್ಲ. ನಮ್ಮ ಹರಿಹರ-ದಾವಣಗೆರೆ ಬಸ್ಸಿನಲ್ಲಿ ಅಷ್ಟು ಹೊತ್ತಿಗೆ ನನ್ನ ಜಾತಕವೇ ಹೊರಬಿದ್ದಿರುತ್ತಿತ್ತು. ರಸ್ತೆ ದಾಟುವಲ್ಲಿ ಸಿಗ್ನಲ್ಲಿನ ಕೆಂಪು ಗೊಂಬೆ ಉರಿಯುತ್ತಿದ್ದರೆ, ಕಣ್ಣಿಗೆ ಕಾಣುವಷ್ಟು ದೂರ ಒಂದು ಗಾಡಿ ಇಲ್ಲದಿದ್ದರೂ ಎಲ್ಲರೂ ನಿಲ್ಲುತ್ತಾರೆ. ಮಂಜ ದಾವಣಗೆರೆಯ ಪಿ.ಬಿ. ರಸ್ತೆ ದಾಟುವವನಂತೆ ಕೈ ಅಡ್ಡ ಹಿಡಿದು ನುಗ್ಗಿದ. ಅಜ್ಜಿಯೊಬ್ಬಳು ಅವನನ್ನು ಬೈದಳು. ಏನು ಬೈದಳೋ ತಿಳಿಯಲಿಲ್ಲ, ಆದರೆ ಬೈಗುಳ ಎಂಬುದರಲ್ಲಿ ಅನುಮಾನವಿರಲಿಲ್ಲ. ಒಟ್ಟಿನಲ್ಲಿ ಇವರು ಕಾಯುವ ಜನ.

ಇಂಗ್ರಿಡ್ ಬೆಳಿಗ್ಗೆ ಎದ್ದ ತಕ್ಷಣ, ಹೊರಗೆ ಹಲ್ಲು ಕಡಿಯುವಂಥ ಚಳಿ ಇದ್ದರೂ, ಮನೆಯ ಎಲ್ಲ ಕಿಟಕಿಗಳನ್ನೂ ಹಾರುಹೊಡೆದು ತೆರೆದಿಡುತ್ತಿದ್ದರು. ಮನೆಗೂ ಉಸಿರು ಬೇಕಂತೆ. ನಾನು ಕಂಬಳಿಯೊಳಗೆ ಮುದುಡಿ, ಫೋನಿನಲ್ಲಿ ಹಾಲಮ್ಮನಿಗೆ ಸಂದೇಶ ಹಾಕುತ್ತಿದ್ದೆ. ನಮ್ಮಿಬ್ಬರ ನಡುವೆ ಒಂದು ಗುಟ್ಟಿನ ಯೋಜನೆ ಇತ್ತು.

ಕಿವಿಯಲ್ಲಿ ಕುಕ್ಕುವಾಡ

ಯೋಜನೆ ಹಾಲಮ್ಮನದೇ. ನಾನು ಕಿವಿಯಲ್ಲಿ ಸಣ್ಣ ಇಯರ್‌ಫೋನ್ ಇಟ್ಟುಕೊಂಡು ಮೇಲೆ ಸೆರಗು ಹೊದೆಯುವುದು. ಅವಳು ಕುಕ್ಕುವಾಡದಲ್ಲಿ ಮನೆಯ ಮಾಳಿಗೆ ಹತ್ತಿ, ಸಿಗ್ನಲ್ ಸಿಗುವ ಮೂಲೆಯಲ್ಲಿ ಕೂತು ವಾಟ್ಸಾಪ್ ಕರೆಯಲ್ಲಿ ಪ್ರಾಂಪ್ಟ್ ಮಾಡುವುದು. ಇದನ್ನು ಕೇಳಿದ ದಿನ ನಾನು ಅವಳನ್ನು ಅಪ್ಪಿಕೊಂಡಿದ್ದೆ.

ನಮ್ಮ ನಾಟಕ ಮೇಷ್ಟ್ರೇ ಬರೆದದ್ದು. ನಮ್ಮ ಕಡೆಯ ಕೊಂಡಜ್ಜಿ ಕೆರೆಯಂಥದೇ ಒಂದು ಕೆರೆ, ಅದರ ತೂಬು ಕಾಯುವ ನಾಗವ್ವ. ಬೇಸಿಗೆಯಲ್ಲಿ ಊರ ಗೌಡ ತನ್ನ ತೋಟಕ್ಕೆ ಮಾತ್ರ ನೀರು ಬಿಡು ಎನ್ನುತ್ತಾನೆ, ಅವಳು ತೂಬಿನ ಮೇಲೆ ಕೂತುಬಿಡುತ್ತಾಳೆ. ಅರ್ಧಕ್ಕಿಂತ ಹೆಚ್ಚು ನಾಗವ್ವನೊಬ್ಬಳದೇ ಮಾತು.

ಜರ್ಮನಿಯ ಆ ಕಾಲೇಜಿನ ಹಿಂದಿನ ಅಂಗಳದಲ್ಲಿ ತಾಲೀಮಿಗೆ ನಿಂತೆವು. ಕಿವಿಯಲ್ಲಿ ಹಾಲಮ್ಮ, ಅವಳ ಹಿಂದೆ ನಾಯಿ ಬೊಗಳುವುದು, ಯಾರೋ ಮೋಟರ್ ಹಾಕುವುದು. ನನಗೆ ಕಣ್ಣಲ್ಲಿ ನೀರೇ ಬಂತು. "ಗೌಡ್ರೇ, ಈ ನೀರು ನಿಮ್ಮಪ್ಪ ತೋಡಿದ್ದಲ್ಲ" ಎಂದು ಅವಳು ಅಂದಳು, ನಾನು ಅಂದೆ. ಮಂಜ ತನ್ನ ಉತ್ತರ ಕೊಟ್ಟ. ನಾನು ಕಾದೆ. ಹಾಲಮ್ಮನಿಗೆ ಮಂಜನ ಮಾತು ಕೇಳಿಸಿರಲೇ ಇಲ್ಲ, ದನಿ ದಾರಿಯಲ್ಲೆಲ್ಲೋ ಇತ್ತು. ಕೊನೆಗೆ ಅವಳು ಮುಂದಿನ ಸಾಲು ಶುರು ಮಾಡಿದಾಗ ಮಂಜ ಗಾಬರಿಯಾಗಿ ತನ್ನ ಮಾತನ್ನು ಮತ್ತೆ ಹೇಳುತ್ತಿದ್ದ. ನಾನು ಬಾಯಿ ತೆರೆದರೆ ನನ್ನದೇ ದನಿ ಕುಕ್ಕುವಾಡಕ್ಕೆ ಹೋಗಿ ತಿರುಗಿ ನನ್ನ ಕಿವಿಗೇ ಬಂತು. ಮೂರು ಜನ ಒಟ್ಟಿಗೆ ಮಾತಾಡಿದಂತಾಯಿತು.

"ಹಲೋ, ಹಲೋ, ಕೇಳ್ತೈತೇನೇ?" ಎಂದು ಹಾಲಮ್ಮ ಕಿರುಚಿದಳು. ನಾನು ಅದನ್ನೂ ನಾಗವ್ವನ ದನಿಯಲ್ಲಿ ಜೋರಾಗಿ ಹೇಳಿಬಿಟ್ಟೆ.

ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ ಎದ್ದು ಬಂದು, ನನ್ನ ಸೆರಗು ಸರಿಸಿ, ಇಯರ್‌ಫೋನ್ ತೆಗೆದು ತಮ್ಮ ಜೇಬಿಗೆ ಹಾಕಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾಳಿದ್ದು ಸಂಜೆ ಆಟ ಐತೆ ಕಣವ್ವ," ಎಂದರು ಅಷ್ಟೇ. ಅವರ ಮುಖದಲ್ಲೂ ಹೆದರಿಕೆ ಇತ್ತು.

ಆ ದಿನ ಇಂಗ್ರಿಡ್ ಮನೆಗೆ ಮರಳಿ ಅವರ ಒಂದಿಡೀ ಬ್ರೆಡ್ ತಿಂದೆ. ಅಲ್ಲಿ ಸಂಜೆ ಒಲೆ ಹಚ್ಚುವುದಿಲ್ಲ, ತಣ್ಣನೆಯ ಬ್ರೆಡ್ಡೇ ಊಟ. ಇಂಗ್ರಿಡ್ ಎದುರು ಕೂತು ನೋಡಿದರು. ಏನಾಯಿತೆಂದು ಕೇಳಿದರು. ನಾನು ಅತ್ತೆ. ಅಳುತ್ತ, ಹರಕು ಇಂಗ್ಲಿಷಿನಲ್ಲಿ ಎಲ್ಲ ಹೇಳಿದೆ. ಹಾಲಮ್ಮ, ವಿಂಗು, ಎಡಗಿವಿ. ನಾನು ನಟಿಯಲ್ಲ, ಬರೀ ಮೈಕು ಎಂದೂ ಹೇಳಿದೆ.

ಇಂಗ್ರಿಡ್ ಕಣ್ಣು ಅರಳಿದವು. ಎದೆ ಮುಟ್ಟಿಕೊಂಡು, "ನಾನೂ ಹಾಲಮ್ಮನೇ!" ಎಂದರು. ಆ ಊರಿನ ನಗರ ರಂಗಮಂದಿರದಲ್ಲಿ ಅವರು ನಿವೃತ್ತಿಯಾಗುವವರೆಗೆ ಪ್ರಾಂಪ್ಟರ್ ಆಗಿದ್ದರಂತೆ. ಜರ್ಮನಿಯ ರಂಗಮಂದಿರಗಳಲ್ಲಿ ಅದು ಇವತ್ತಿಗೂ ಸಂಬಳದ ಕೆಲಸವಂತೆ. ನಾಡಿದ್ದು ನಾನು ಮುಂದಿನ ಸಾಲಿನಲ್ಲಿ ಕೂರುತ್ತೇನೆ, ನಿನ್ನ ಮಾತು ನನಗೆ ಕೊಡು ಎಂದರು.

ದೇವರು ಎಲ್ಲೆಲ್ಲಿ ಯಾರ್ಯಾರ ಮನೆಯಲ್ಲಿ ಇಳಿಸುತ್ತಾನಪ್ಪ ಎಂದುಕೊಂಡೆ. ಬಂದ ಮೇಲೆ ಮೊದಲ ಸಲ ಹೊಟ್ಟೆ ತುಂಬಿದಂತೆ ಅನ್ನಿಸಿತು.

ಅಡಿಗೆಮನೆಯಲ್ಲಿ ನಾಗವ್ವ

ಮರುದಿನವಿಡೀ ಅಡಿಗೆಮನೆಯ ಮೇಜಿನ ಮುಂದೆ ಕೂತೆವು. ನಾನು ಪುಸ್ತಕ ನೋಡಿ ನಿಧಾನ ಓದುವುದು, ಇಂಗ್ರಿಡ್ ಕೇಳಿದ್ದನ್ನು ತಮ್ಮ ಅಕ್ಷರದಲ್ಲಿ ಬರೆದುಕೊಳ್ಳುವುದು. ಮಂಜ ಬಂದು ಅರ್ಥ ಹೇಳಿದ. ಅವರಿಗೆ ಅರ್ಥಕ್ಕಿಂತ ನಾನು ಎಲ್ಲಿ ನಿಲ್ಲಿಸುತ್ತೇನೆ ಎನ್ನುವುದರ ಮೇಲೆ ಹೆಚ್ಚು ಗಮನ. ಪುಟದ ತುಂಬ ಸಣ್ಣ ಸಣ್ಣ ಗೀಟು ಹಾಕಿಕೊಂಡರು. "ಗೌಡ್ರೇ" ಎನ್ನುವುದನ್ನು ಅವರು "ಗೌಡರೇಏ" ಎಂದು ಎಳೆದು ಅಂದಾಗ ಮಂಜ, "ಇವರ ಮುಂದೆ ನಾನು ನೀರು ಬಿಡಲ್ಲ ಅನ್ನಾಕೇ ಆಗಲ್ಲ ಬಿಡು" ಎಂದ.

ಆಟದ ದಿನ ಬೆಳಿಗ್ಗೆ ರಂಗದ ಮೇಲಿನ ತಾಲೀಮಿನಲ್ಲಿ ಬೆಳಕಿನವರು ನಮ್ಮನ್ನು ಬರೀ ಅಲ್ಲಿ ನಿಲ್ಲಿ, ಇಲ್ಲಿ ಕೂರಿ ಎಂದರೇ ಹೊರತು ಮಾತಾಡಲು ಬಿಡಲಿಲ್ಲ. ನನಗೆ ಅದರ ಚಿಂತೆ ಆಗಲಿಲ್ಲ. ಪ್ರಾಂಪ್ಟರ್ ಅಂದರೆ ಪ್ರಾಂಪ್ಟರ್, ಕುಕ್ಕುವಾಡದವಳಾದರೇನು, ಜರ್ಮನಿಯವಳಾದರೇನು ಎಂದುಕೊಂಡಿದ್ದೆ. ಅವರ ಕೆಲಸದ ಪದ್ಧತಿ ಏನು ಎಂದು ನಾನು ಕೇಳಲಿಲ್ಲ. ನಮ್ಮದು ಏನು ಎಂದು ಅವರೂ ಕೇಳಲಿಲ್ಲ.

ಆಟದ ಸಂಜೆ

ರಂಗದ ಮೇಲೆ ಕರ್ಪೂರ ಹಚ್ಚುವಂತಿಲ್ಲ, ಹೊಗೆಗೆ ಗಂಟೆ ಹೊಡೆದುಕೊಳ್ಳುತ್ತದೆ ಎಂದಿದ್ದರು. ಮೇಷ್ಟ್ರು ಹೊರಗೆ ಸೈಕಲ್ ನಿಲ್ಲಿಸುವ ಜಾಗದಲ್ಲಿ ಕಾಯಿ ಒಡೆದು, ನೀರು ತಂದು ರಂಗದ ನಾಲ್ಕು ಮೂಲೆಗೂ ಚಿಮುಕಿಸಿದರು. ನನಗೂ ಚಿಮುಕಿಸಿದರು.

ಬೆಳಕು ಬಂತು. ನಾನು ತೂಬಿನ ಕಲ್ಲಿನ ಪಕ್ಕ ನಿಂತಿದ್ದೆ. ಎದುರಿಗೆ ಕತ್ತಲು, ಕತ್ತಲಲ್ಲಿ ಜನ. ಮೊದಲ ಸಾಲಿನ ಎಡ ತುದಿಯಲ್ಲಿ ಇಂಗ್ರಿಡ್, ಮೊಣಕಾಲ ಮೇಲೆ ಕಾಗದ, ಅದರ ಮೇಲೆ ಒಂದು ಪುಟ್ಟ ಬೆಳಕು. ಹಾರ್ಮೋನಿಯಂ ಏರಿ ಇಳಿದು ನಿಂತಿತು. ಇರ್ಫಾನನ ತಬಲಾ ಮುಕ್ತಾಯಕ್ಕೆ ಬಂತು. ನಾನು ಎಡಗಿವಿ ಕೊಟ್ಟೆ.

ಇಂಗ್ರಿಡ್ ಏನೂ ಹೇಳಲಿಲ್ಲ.

ಕಾದೆ. ಅವರು ನನ್ನನ್ನು ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ. ಹೇಳ್ರೀ ಅಮ್ಮಾ, ಹೇಳ್ರೀ ಎಂದು ಮನಸ್ಸಿನಲ್ಲೇ ಅಂಗಲಾಚಿದೆ. ಅವರು ಶಾಂತವಾಗಿ ಕೂತೇ ಇದ್ದರು. ಆಟ ಮುಗಿದ ಮೇಲೆ ಅವರೇ ಹೇಳಿದ್ದು ಇದು: ಅಲ್ಲಿನ ಪ್ರಾಂಪ್ಟರ್ ನಟ ಸಿಕ್ಕಿಹಾಕಿಕೊಂಡಾಗ ಮಾತ್ರ ಒಂದು ಶಬ್ದ ಕೊಡಬೇಕು. ನಟ ಬೇಕೆಂದೇ ಸುಮ್ಮನಿದ್ದಾಗ ಬಾಯಿ ಹಾಕಿದರೆ ಅದಕ್ಕಿಂತ ದೊಡ್ಡ ತಪ್ಪಿಲ್ಲ. ನಾನು ಅವರು ಶುರು ಮಾಡಲಿ ಎಂದು ಕಾಯುತ್ತಿದ್ದೆ. ಅವರು ನಾನು ಶುರು ಮಾಡಲಿ ಎಂದು ಕಾಯುತ್ತಿದ್ದರು.

ನಮ್ಮ ಕಡೆಯಾಗಿದ್ದರೆ ಇಷ್ಟೊತ್ತಿಗೆ ಹಿಂದಿನಿಂದ ಒಬ್ಬ, "ಯಾಕವ್ವ, ಮರ್ತೋತಾ?" ಎಂದು ಕೂಗಿರುತ್ತಿದ್ದ. ಒಂದು ಶಿಳ್ಳೆ ಬಿದ್ದಿರುತ್ತಿತ್ತು. ಅದರ ಮರೆಯಲ್ಲಿ ಹೇಗೋ ಸುಧಾರಿಸಿಕೊಳ್ಳಬಹುದಿತ್ತು. ಇಲ್ಲಿ ಒಂದು ಕೆಮ್ಮೂ ಇಲ್ಲ. ತಲೆಯ ಮೇಲಿನ ಪರದೆಯಲ್ಲಿ ನನ್ನ ಮೊದಲ ಮಾತಿನ ಅನುವಾದ ಆಗಲೇ ಬಂದಿತ್ತು. ಇಡೀ ಸಭೆಗೆ ನಾನೇನು ಹೇಳಬೇಕೆಂದು ಗೊತ್ತಿತ್ತು, ನನಗೆ ಮಾತ್ರ, ಮನೆಯಲ್ಲಿ ಬರುತ್ತಿದ್ದ ಆ ಮೊದಲ ಸಾಲೂ ಈಗ ಹೊಳೆಯಲಿಲ್ಲ. ತೂಬಿನ ಕಲ್ಲಿನ ಮೇಲೆ ಕುಸಿದು ಕೂತೆ. ಮುಗಿಯಿತು ನನ್ನ ಕಥೆ, ಅಪ್ಪನಿಗೆ ಏನು ಹೇಳಲಿ ಎಂದುಕೊಂಡೆ.

ಆಗ ಇಂಗ್ರಿಡ್ ಉಸಿರು ಎಳೆದುಕೊಂಡರು. ಮಾತಾಡುವ ಮೊದಲು ಎದೆ ತುಂಬ ಎಳೆದುಕೊಳ್ಳುತ್ತೇವಲ್ಲ, ಹಾಗೆ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ನನಗೆ ತಿಳಿಯದೆಯೇ ನಾನೂ ಅವರ ಜೊತೆಗೆ ಎಳೆದುಕೊಂಡೆ. ಎಳೆದ ಉಸಿರನ್ನು ಎಷ್ಟು ಹೊತ್ತು ಹಿಡಿದಿಡಲಾಗುತ್ತದೆ? ಬಿಟ್ಟೆ. ಅದರ ಜೊತೆಗೆ ಮಾತು ಬಂತು.

"ಗೌಡ್ರೇ, ಈ ನೀರು ನಿಮ್ಮಪ್ಪ ತೋಡಿದ್ದಲ್ಲ."

ಅದರ ಹಿಂದೆ ಇನ್ನೊಂದು ಬಂತು, ಮತ್ತೊಂದು ಬಂತು. ಎಲ್ಲಿದ್ದವೋ ಮಾತುಗಳು! ಮಂಜ ಬೆರಗಾಗಿ ತನ್ನ ಉತ್ತರಕ್ಕೆ ತಡವರಿಸಿದ. ಹೇಳುತ್ತ ಹೇಳುತ್ತ ನನಗೆ ಗೊತ್ತಾಯಿತು, ನನ್ನ ತಲೆಯೊಳಗೆ ಮಾತುಗಳು ನನ್ನ ದನಿಯಲ್ಲಿರಲಿಲ್ಲ. ಹಾಲಮ್ಮನ ದನಿಯಲ್ಲಿದ್ದವು. ಅವಳು ಸಾಲಿನ ಕೊನೆ ಸ್ವಲ್ಪ ಎತ್ತುವುದು, "ನೀರು" ಎನ್ನುವಾಗ ಮೆತ್ತಗಾಗುವುದು, ಎಲ್ಲ ಹಾಗೆ ಹಾಗೇ ಇತ್ತು. ಒಂದೇ ಒಂದು ಕಡೆ ನಿಜವಾಗಿ ಸಿಕ್ಕಿಕೊಂಡೆ. ಇಂಗ್ರಿಡ್ ಒಂದು ಶಬ್ದ ಕೊಟ್ಟರು. ಎತ್ತಿಕೊಂಡು ನಡೆದೆ.

ಆಟ ಮುಗಿದಾಗ ಜನ ಎದ್ದು ನಿಂತು ಬಹಳ ಹೊತ್ತು ಚಪ್ಪಾಳೆ ಹೊಡೆದರು. ಕಾಲೇಜಿನ ಮೇಡಂ ಬಂದು, ಆರಂಭದ ಆ ಮೌನ ಎಂಥ ಧೈರ್ಯದ್ದು ಎಂದು ಹೊಗಳಿದರು. ನಾನು ಅಪ್ಪ ಹೇಳಿದಂತೆ ಮುಖದಲ್ಲಿ ಏನೂ ತೋರಿಸದೆ ಧನ್ಯವಾದ ಹೇಳಿದೆ. ಇರ್ಫಾನ್ ನಗು ತಡೆಯಲಾಗದೆ ತಬಲಾದ ಗವುಸಿನಲ್ಲಿ ಮುಖ ಮುಚ್ಚಿಕೊಂಡ.

ಮೇಷ್ಟ್ರು ಮಾತ್ರ ನನ್ನ ತಲೆ ಮೇಲೆ ಕೈಯಿಟ್ಟು, ಯೋಚಿಸುತ್ತ, "ಇವತ್ತು ನೀನು ಹಾಲಮ್ಮ ಓದಿದಂಗೆ ಮಾತಾಡಿದೆ ಕಣವ್ವ" ಎಂದರು. ನನಗೆ ಅದು ಹೊಗಳಿಕೆಯೋ ಅಲ್ಲವೋ ತಿಳಿಯಲಿಲ್ಲ.

ದಾವಣಗೆರೆ

ಊರಿಗೆ ಬಂದ ಮೇಲೆ ಹೆದರಿಕೆ ಹೋಗಬೇಕಿತ್ತು. ಹೋಗಲಿಲ್ಲ. ಈಗ ಹಾಲಮ್ಮನಿಗೆ ಏನು ಹೇಳುವುದು ಎಂಬ ಹೆದರಿಕೆ. ನೀನಿಲ್ಲದೆಯೂ ಆಯಿತು ಎಂದರೆ ಅವಳಿಗೆ ನೋವಾಗುತ್ತದೆ. ಮೂರು ವರ್ಷದ ಅವಳ ಕೆಲಸ ಬೇಡವಾಯಿತು ಎಂದಂತಲ್ಲವೇ? ಕಾಲೇಜಿನ ಮುಂದಿನ ಗಾಡಿಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ ಅವಳಿಗೆ ಕಾದೆ. ಅವಳು ಬಂದವಳೇ ನನ್ನ ಕೈಯ ಪೊಟ್ಟಣ ನೋಡಿ, "ಇನ್ನೂ ಹೆದ್ರಿಕೊಂಡೇ ಅದೀಯಾ?" ಎಂದಳು.

ಎಲ್ಲ ಹೇಳಿದೆ. ಹೇಳಿ, "ನೀನಿದ್ದಿದ್ರೆ ಇನ್ನೂ ಚೆನ್ನಾಗಿ ಆಗ್ತಿತ್ತು ಕಣೇ," ಎಂದು ಸೇರಿಸಿದೆ.

"ಹಂಗನ್ನಬ್ಯಾಡ," ಎಂದಳು ಹಾಲಮ್ಮ. ಅವಳ ಮುಖದಲ್ಲಿ ನೋವಿರಲಿಲ್ಲ. "ನಿಜ ಹೇಳು. ಎಲ್ಲಾ ಮಾತೂ ಬಂದುವಾ?"

"ಒಂದು ಬಿಟ್ಟು ಎಲ್ಲಾ."

"ಹಂಗಾರೆ ಇನ್ಮ್ಯಾಲೆ ನಿಂಗೆ ನಾನು ಬ್ಯಾಡ."

"ಏಯ್, ಯಾಕ ಹಂಗಂತೀ?"

"ಬ್ಯಾಸರಕ್ಕೆ ಹೇಳ್ತಿಲ್ಲ ಕಣೇ." ಅವಳು ನನ್ನ ಪೊಟ್ಟಣದಿಂದ ಒಂದು ಮೆಣಸಿನಕಾಯಿ ಎತ್ತಿಕೊಂಡಳು, ತಿನ್ನಲಿಲ್ಲ. "ನಾನೂ ನಾಟಕ ಮಾಡಾಕಂತಲೇ ಸೇರಿದ್ದು. ನಮ್ಮೂರಾಗೆ ಎಲ್ರೂ ಕೇಳ್ತಾರೆ, ನಿನ್ನ ಪಾತ್ರ ಯಾವುದು ಅಂತ. ನಾ ಬಿಟ್ರೆ ನೀ ನಿಂತ್ಕಂಬಿಡ್ತೀಯ ಅಂತ ಸುಮ್ಮನಿದ್ದೆ. ಕಾಲೇಜಿನಾಗೆ ಒಂದು ಆಟ ಮಾಡಿಸ್ತಾರಂತಲ್ಲ ಮೇಷ್ಟ್ರು, ನೋಡದೇ ಇದ್ದೋರಿಗೆ. ಅದ್ರಾಗೆ ನಾಗವ್ವನ್ನ ನಂಗೆ ಕೊಡ್ತೀಯಾ?"

ಮೂರು ವರ್ಷದಲ್ಲಿ ಈ ಪ್ರಶ್ನೆ ನನ್ನ ತಲೆಗೆ ಒಮ್ಮೆಯೂ ಬಂದಿರಲಿಲ್ಲ. ನಾಚಿಕೆಯಾಯಿತು. ಅದರ ಜೊತೆಗೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ನಾಗವ್ವ ಈಗಷ್ಟೇ ನನ್ನವಳಾಗಿದ್ದಳು. ಆದರೂ ಅವಳ ಕೈ ಹಿಡಿದುಕೊಂಡು ಮೇಷ್ಟ್ರ ಹತ್ತಿರ ಹೋದೆ.

ಮೇಷ್ಟ್ರು ಕನ್ನಡಕ ಏರಿಸಿ, "ಮಾತು ಬರ್ತಾವೇನವ್ವ ನಿಂಗೆ?" ಎಂದರು.

"ಇವಳಿಗೆ ಹೇಳಿದ್ದೇ ನಾನಲ್ಲ ಸಾರ್," ಎಂದಳು ಹಾಲಮ್ಮ.

ಆಟದ ದಿನ ಕುಕ್ಕುವಾಡದಿಂದ ಅವರ ಮನೆಯವರು ಒಂದು ಟೆಂಪೋ ತುಂಬ ಬಂದು ಮುಂದಿನ ಸಾಲುಗಳಲ್ಲಿ ಕೂತಿದ್ದರು. ನಾನು ಪುಸ್ತಕ ಹಿಡಿದು ಎಡಗಡೆಯ ವಿಂಗಿಗೆ ಹೋದೆ. ಮೂರು ವರ್ಷದಲ್ಲಿ ಅಲ್ಲಿ ನಿಂತದ್ದು ಅದೇ ಮೊದಲು. ಇಕ್ಕಟ್ಟು, ಸೆಕೆ, ಸೊಳ್ಳೆ. ಅಲ್ಲಿಂದ ರಂಗದ ಮೇಲಿರುವವರ ಮುಖ ಕಾಣುವುದಿಲ್ಲ. ಕಿವಿ ಕಾಣುತ್ತದೆ, ಸ್ವಲ್ಪ ಕೆನ್ನೆ ಕಾಣುತ್ತದೆ, ಅಷ್ಟೇ. ಹಾಲಮ್ಮ ಇಷ್ಟು ದಿನ ನೋಡಿದ ನಾಟಕವೆಲ್ಲ ನನ್ನ ಕಿವಿಯೇ ಆಗಿತ್ತು.

ಬೆಳಕು ಬಂತು, ತಬಲಾ ನಿಂತಿತು. ಅವಳಿಗೆ ಬೇಕಾದೀತೆಂದು ನಾನು ಮೊದಲ ಸಾಲಿನ ಮೇಲೆ ಬೆರಳಿಟ್ಟು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ಅವಳು ಶುರು ಮಾಡಿಬಿಟ್ಟಿದ್ದಳು.